ಫ್ಯಾನು ತಿರುಗ್ತಾನೇ ಇತ್ತು, ಇಂಜಿನ್ನು ಕುದೀತಾನೇ ಇತ್ತು

ಶಿವರಾತ್ರಿ ಟೈಮಲ್ಲಿ ತುಮಕೂರು ಹತ್ರದ ಸಿದ್ಧಗಂಗೆ ಜಾತ್ರೆಗೆ ಬುದ್ಧಿ ಇರೋರು ಯಾರೂ ಕಾರ್ ತಗೊಂಡು ಹೋಗಲ್ಲ. ನಾನು ಹೋದೆ. ಬಟವಾಡಿ ದಾಟೋವರ್ಗೂ ಏನೂ ತೊಂದ್ರೆ ಇರ್ಲಿಲ್ಲ, ಅಲ್ಲಿಂದ ಕ್ಯಾತ್ಸಂದ್ರದ ಕಡೆಗೆ ಬಸ್ಸು, ಟ್ರ್ಯಾಕ್ಟರು, ದನ ತುಂಬ್ಕೊಂಡಿರೋ ಟೆಂಪೋ ಎಲ್ಲಾ ಒಂದಕ್ಕೊಂದು ಅಂಟ್ಕೊಂಡು ನಿಂತಿದ್ವು, ಫಸ್ಟ್ ಗೇರು ನ್ಯೂಟ್ರಲ್ಲು ಫಸ್ಟ್ ಗೇರು ನ್ಯೂಟ್ರಲ್ಲು ಅಂತ ಅರ್ಧ ಗಂಟೆ ತೆವಳಿದ್ಮೇಲೆ ಮೊದ್ಲು ಎಸಿ ಗಾಳಿ ಬೆಚ್ಚಗಾಯ್ತು, ಹಿಂದಿನ ಸೀಟಲ್ಲಿ ಅಮ್ಮ ಸೆರಗಲ್ಲಿ ಗಾಳಿ ಬೀಸ್ಕೊಳೋಕೆ ಶುರು ಮಾಡಿದ್ರು, ಆಮೇಲೆ ಡ್ಯಾಶ್‌ಬೋರ್ಡಲ್ಲಿ ಕೆಂಪು ಲೈಟು ಹತ್ಕೊಳ್ತು, ಅದಾದ ಒಂದೇ ನಿಮಿಷಕ್ಕೆ ಬಾನೆಟ್ ಸಂದೀಲಿ ಹಬೆ.

ಎಸಿ ಆಫ್ ಮಾಡಿ, ಹೀಟರ್ ಫುಲ್ ಇಟ್ಟು, ಬ್ಲೋವರ್ ನಾಕಕ್ಕೆ ತಿರುಗ್ಸಿದೆ. ಫೆಬ್ರವರಿ ಕೊನೇಲಿ ಮಧ್ಯಾಹ್ನ ಹನ್ನೆರಡಕ್ಕೆ ಕಾರಲ್ಲಿ ಹೀಟರ್ ಹಾಕಿದ್ರೆ ಹೆಂಡ್ತಿ ಹೆಂಗೆ ನೋಡಿರ್ತಾಳೆ ಅಂತ ನೀವೇ ಯೋಚ್ನೆ ಮಾಡ್ಕೊಳ್ಳಿ. ಆದ್ರೆ ಇದು ಕೆಲ್ಸ ಮಾಡೋ ಉಪಾಯಾನೇ, ಹೀಟರ್ ಅನ್ನೋದು ಡ್ಯಾಶ್‌ಬೋರ್ಡ್ ಒಳಗಿರೋ ಒಂದು ಚಿಕ್ಕ ರೇಡಿಯೇಟರ್ರು, ಇಂಜಿನ್ ಬಿಸಿ ಸ್ವಲ್ಪ ಅದರ ಮೂಲಕ ನಮ್ಮ ಮೈಮೇಲೆ ಬರುತ್ತೆ, ಸೈಡಿಗೆ ಹಾಕೋಕೆ ಜಾಗ ಸಿಗೋವರ್ಗೂ ಇಂಜಿನ್ ಉಳ್ಕೊಳುತ್ತೆ. ಒಂದು ಹಲಸಿನ ಮರದ ಕೆಳಗೆ ನಿಲ್ಸಿ, ಮನೆಯವರ್ನೆಲ್ಲ ನಡ್ಕೊಂಡು ಮಠಕ್ಕೆ ಕಳ್ಸಿ, ನಾನು ಮುಕ್ಕಾಲು ಗಂಟೆ ಬಾನೆಟ್ ಎತ್ತಿಟ್ಟು ಕೂತಿದ್ದೆ. ದಾರೀಲಿ ಹೋಗೋರು ಒಬ್ರಾದ್ಮೇಲೊಬ್ರು ಬಂದು "ಕ್ಯಾಪ್ ಬಿಚ್ಚಿ ನೀರ್ ಹುಯ್ಯಿ ಸಾರ್" ಅಂತಿದ್ರು. ದಯವಿಟ್ಟು ಬಿಚ್ಬೇಡಿ. ಒಳಗೆ ಪ್ರೆಷರಲ್ಲಿ ಕೂತಿರೋ ನೀರು, ಕ್ಯಾಪ್ ಸಡ್ಲ ಆದ ತಕ್ಷಣ ಒಟ್ಟಿಗೇ ಹಬೆಯಾಗಿ ಮುಖಕ್ಕೆ ಹಾರುತ್ತೆ. ಮೇಲಿನ ಪೈಪನ್ನ ಕೈಯಲ್ಲಿ ಆರಾಮಾಗಿ ಹಿಡ್ಕೊಳೋ ಅಷ್ಟು ತಣ್ಣಗಾದ್ಮೇಲೆ ಬಟ್ಟೆ ಹಾಕಿ ನಿಧಾನಕ್ಕೆ ಬಿಚ್ಚಿದೆ, ಒಂದೂವರೆ ಲೀಟರ್ ನೀರು ಹಿಡೀತು. ಹುಯ್ದಿದ್ದು ಅಲ್ಲೇ ಪಕ್ಕದ ಹೋಟ್ಲಿನ ನಲ್ಲಿ ನೀರು. ಅದರ ಕಥೆ ಮುಂದೆ ಬರುತ್ತೆ.

ಕಾರಿನ ಜಾತಕ ಹೇಳ್ಬಿಡ್ತೀನಿ. 2014ರ ಮಾಡೆಲ್, 1.2 ಲೀಟರ್ ಪೆಟ್ರೋಲ್, ಸೆಕೆಂಡ್ ಹ್ಯಾಂಡ್. ಕಂಪನಿ ಹೆಸರು ಬೇಡ, ತಪ್ಪು ಕಾರಿಂದಲ್ಲ ಅಂತ ಓದ್ತಾ ಓದ್ತಾ ಗೊತ್ತಾಗುತ್ತೆ. ಟೆಂಪರೇಚರ್ ಮುಳ್ಳು ಇಲ್ಲ, ಬರೀ ಒಂದು ಲೈಟು, ತಣ್ಣಗಿದ್ರೆ ನೀಲಿ ಕುದ್ರೆ ಕೆಂಪು, ಮಧ್ಯ ಏನ್ ನಡೀತಿದೆ ಅನ್ನೋದು ದೇವ್ರಿಗೇ ಗೊತ್ತು. ನನ್ನ ಕೆಲ್ಸ ಹಿರೇಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ, ಬೆಳಗ್ಗೆ ಆರು ಗಂಟೆ ಶಿಫ್ಟು, ಹೋಗೋದು ಬರೋದು ಹೈವೇ ಮೇಲೆ, ಟ್ರಾಫಿಕ್ಕಿಗೆ ಸಿಗೋದೇ ಕಮ್ಮಿ. ಡಿಸೆಂಬರಲ್ಲಿ ರೇಡಿಯೇಟರ್ ಫ್ಯಾನ್ ಮೋಟ್ರು ಕಾರ್ಬನ್ ಸವೆದು ನಿಂತೋಗಿತ್ತು, ಶಿವಾಜಿನಗರದ ಗುಜರಿಯಿಂದ ಒಂದು ಮೋಟ್ರು ತಂದು ನಾನೇ ಹಾಕಿದ್ದೆ. ಚೆನ್ನಾಗೇ ಓಡ್ತಿತ್ತು. ಅದು ಬಿಟ್ರೆ ಒಂದು ಕ್ಲಚ್ ಕೇಬಲ್, ಬ್ಯಾಟ್ರಿ, ಮಾಮೂಲಿ.

ಮನೆಗೆ ಬಂದು ರಾತ್ರಿ ಕೂತು ಯೋಚ್ನೆ ಮಾಡ್ದೆ. ಹೈವೇಲಿ ಬಿಸಿ ಆಗಲ್ಲ, ಟ್ರಾಫಿಕ್ಕಲ್ಲಿ ಮಾತ್ರ ಆಗುತ್ತೆ. ಈ ಒಂದು ವಾಕ್ಯದಲ್ಲೇ ಅರ್ಧ ಉತ್ತರ ಇದೆ. ಎಂಬತ್ತರಲ್ಲಿ ಹೋಗ್ವಾಗ ಗಾಳಿ ತಾನೇ ಮುಂದ್ಗಡೆ ಜಾಲರಿಯಿಂದ ನುಗ್ಗಿ ರೇಡಿಯೇಟರ್ ತಣ್ಣಗೆ ಮಾಡುತ್ತೆ, ಫ್ಯಾನಿಗೆ ಕೆಲ್ಸಾನೇ ಇರಲ್ಲ. ನಿಂತಾಗ ಆ ಗಾಳಿ ಇಲ್ಲ, ಫ್ಯಾನೇ ಎಳೀಬೇಕು. ಹಂಗಾಗಿ ಟ್ರಾಫಿಕ್ಕಲ್ಲಿ ಮಾತ್ರ ಬಿಸಿ ಆದ್ರೆ ಗಾಳಿ ಕಡೆ ನೋಡ್ಬೇಕು, ಅಂದ್ರೆ ಫ್ಯಾನು, ರಿಲೇ, ಫ್ಯೂಸು, ಸೆನ್ಸರು, ರೇಡಿಯೇಟರ್ ಮುಂದೆ ಕಟ್ಕೊಂಡಿರೋ ಕಸ. ಹೈವೇಲಿ ಜೋರಾಗಿ ಹೊಡೀವಾಗ ಬಿಸಿ ಆದ್ರೆ ನೀರಿನ ಕಡೆ ನೋಡ್ಬೇಕು, ರೇಡಿಯೇಟರ್ ಒಳಗೆ ಬ್ಲಾಕು, ವಾಟರ್ ಪಂಪು, ಥರ್ಮೋಸ್ಟಾಟು (ಬಿಸಿ ಆದ್ಮೇಲೆ ನೀರನ್ನ ರೇಡಿಯೇಟರ್ರಿಗೆ ಬಿಡೋ ವಾಲ್ವು), ಇಲ್ಲಾ ಹೆಡ್ ಗ್ಯಾಸ್ಕೆಟ್ಟು (ಇಂಜಿನ್ನಿನ ಮೇಲ್ಭಾಗಕ್ಕೂ ಕೆಳಭಾಗಕ್ಕೂ ಮಧ್ಯ ಇರೋ ಸೀಲು). ಇದು ನಂಗೆ ಗೊತ್ತಿತ್ತು. ಗೊತ್ತಿದ್ದೂ ಮೂರು ವಾರ ನೀರಿನ ಕಡೇನೇ ಒದ್ದಾಡಿದೆ, ಯಾಕಂದ್ರೆ ಬಾನೆಟ್ ಎತ್ತಿದಾಗೆಲ್ಲ ಫ್ಯಾನು ಗುಂಯ್ ಅಂತ ತಿರುಗ್ತಿತ್ತು.

ಮೊದಲ್ನೇ ಭಾನುವಾರ ಕ್ಯಾಪು. ರೇಡಿಯೇಟರ್ ಕ್ಯಾಪ್ ಅಂದ್ರೆ ಬರೀ ಮುಚ್ಚಳ ಅಂದ್ಕೋಬೇಡಿ, ಅದೊಂದು ಸ್ಪ್ರಿಂಗ್ ವಾಲ್ವು, ನಂದ್ರ ಮೇಲೆ 1.1 ಅಂತ ಬರ್ದಿದೆ, ಅಂದ್ರೆ 1.1 ಬಾರ್ ಪ್ರೆಷರ್ ಆಗೋವರ್ಗೂ ನೀರನ್ನ ಒಳಗೇ ಒತ್ತಿಡುತ್ತೆ. ಪ್ರೆಷರ್ ಜಾಸ್ತಿ ಆದಷ್ಟೂ ಕುದಿಯೋ ಬಿಂದು ಮೇಲೇರುತ್ತೆ, ಕುಕ್ಕರ್ ಲೆಕ್ಕಾನೇ. ತುಮಕೂರು ಸಮುದ್ರಮಟ್ಟದಿಂದ ಹೆಚ್ಚೂಕಮ್ಮಿ 820 ಮೀಟರ್ ಎತ್ತರದಲ್ಲಿದೆ, ಇಲ್ಲಿ ತೆರೆದ ಪಾತ್ರೇಲಿ ನೀರು 97 ಡಿಗ್ರಿಗೇ ಕುದಿಯುತ್ತೆ, ಅದೇ ಒಳ್ಳೆ ಕ್ಯಾಪ್ ಇದ್ರೆ ಬರೀ ನೀರು ಕೂಡ 120ರ ಹತ್ರ ಹೋಗ್ಬೇಕು ಕುದಿಯೋಕೆ. ನನ್ನ ಕ್ಯಾಪಿನ ರಬ್ಬರು ಒಣಗಿದ ಚಕ್ಕುಲಿ ಥರ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಹೊಸಾದು ₹250. ಇದು ಹಾಕಿದ್ಮೇಲೆ ಹಬೆ ಬರೋದು ನಿಲ್ತು, ಬಿಸಿ ಆಗೋದು ನಿಲ್ಲಲಿಲ್ಲ, ಭದ್ರಮ್ಮ ಸರ್ಕಲ್ ಹತ್ರ ಮತ್ತೆ ಕೆಂಪು ಲೈಟು.

ಅದೇ ದಿನ ಕೂಲಂಟ್, ಅಂದ್ರೆ ಇಂಜಿನ್ ತಣ್ಣಗಿಡೋಕೆ ಒಳಗೆ ಸುತ್ತೋ ದ್ರವ, ಇಳಿಸ್ದೆ. ಹಸಿರು ಬಣ್ಣ ಇರ್ಬೇಕಾಗಿದ್ದ ಜಾಗದಲ್ಲಿ ತುಕ್ಕು ಬಣ್ಣದ ನೀರು, ತಳದಲ್ಲಿ ಬಿಳಿ ಮರಳು. ನಮ್ಮ ಕಡೆ ಬೋರ್ ನೀರು ಹೆಂಗಿರುತ್ತೆ ಅಂತ ಗೀಸರ್ ಕಾಯಿಲ್ ಬಿಚ್ಚಿ ನೋಡಿದೋರಿಗೆ ಹೇಳ್ಬೇಕಾಗಿಲ್ಲ. ಒಂದು ಹಂಡೆ ನೀರು ಕಾಯ್ಸಿದ್ರೆ ತಳದಲ್ಲಿ ಸುಣ್ಣ ಕೂರುತ್ತೆ, ಅದೇ ನೀರನ್ನ ಇಂಜಿನ್ನಿಗೆ ಹುಯ್ದ್ರೆ ಅಲ್ಲೂ ಕೂರುತ್ತೆ. ಹಳೇ ಓನರ್ರು ವರ್ಷಗಟ್ಲೆ ಅದನ್ನೇ ಹುಯ್ದಿರ್ಬೇಕು, ನಾನೂ ಜಾತ್ರೇಲಿ ಒಂದೂವರೆ ಲೀಟರ್ ಸೇರ್ಸಿದ್ದೆ. ಸಿಟ್ರಿಕ್ ಆಸಿಡ್ ಪುಡಿ, ದಿನಸಿ ಅಂಗಡೀಲಿ ನಿಂಬೆ ಉಪ್ಪು ಅಂತಾರಲ್ಲ ಅದೇ, ಸ್ವಲ್ಪ ನೀರಲ್ಲಿ ಕರಗ್ಸಿ ತುಂಬಿ, ಹೀಟರ್ ಆನ್ ಇಟ್ಟು ಅರ್ಧ ಗಂಟೆ ಓಡಿಸಿ, ತಣ್ಣಗಾದ್ಮೇಲೆ ಇಳ್ಸಿ, ಆಮೇಲೆ ಬರೀ ಡಿಸ್ಟಿಲ್ಡ್ ವಾಟರ್ ಹಾಕಿ ನೀರು ತಿಳಿಯಾಗಿ ಬರೋವರ್ಗೂ ಮೂರು ಸಲ ತೊಳ್ದೆ. ಕೊನೇಲಿ ಅರ್ಧ ಕೂಲಂಟು ಅರ್ಧ ಡಿಸ್ಟಿಲ್ಡ್ ವಾಟರು, ಒಟ್ಟು ನಾಕು ಲೀಟರ್ ಹತ್ರ. ಕ್ಯಾಪ್ ತೆಗ್ದಿಟ್ಟು ಇಂಜಿನ್ ಓಡಿಸಿ ಗಾಳಿ ಗುಳ್ಳೆ ಎಲ್ಲಾ ಹೊರಗೆ ಬರೋ ತನಕ ಕಾಯ್ಬೇಕು, ಕೆಳಗಿನ ಪೈಪನ್ನ ಕೈಯಲ್ಲಿ ಹಿಸುಕ್ತಾ ಇದ್ರೆ ಬೇಗ ಬರುತ್ತೆ. ಇನ್ನೊಂದು ಮಾತು, ಇಳ್ಸಿದ ಕೂಲಂಟನ್ನ ಬೀದಿಗೆ ಚೆಲ್ಬೇಡಿ, ಅದು ಸಿಹಿಯಾಗಿರುತ್ತೆ, ನಾಯಿಗಳು ನೆಕ್ತವೆ, ನೆಕ್ಕಿದ್ರೆ ಕಿಡ್ನಿ ಹೋಗಿ ಸಾಯ್ತವೆ. ನಾನು ಹಳೇ ಎಣ್ಣೆ ಕ್ಯಾನಲ್ಲಿ ತುಂಬಿಟ್ಟಿದೀನಿ.

ಇಷ್ಟೆಲ್ಲಾ ಆದ್ಮೇಲೆ ಬಿ.ಎಚ್. ರೋಡಲ್ಲಿ ಒಂದು ಸುತ್ತು. ಟೌನ್‌ಹಾಲ್ ಸರ್ಕಲ್ ಹತ್ರ ಕೆಂಪು ಲೈಟು. ಥೂ.

ಪರಿಚಯದ ಮೆಕ್ಯಾನಿಕ್ ಅಣ್ಣ ಒಬ್ರು ಇದಾರೆ, ಕೈ ಒಳ್ಳೇದು, ಆದ್ರೆ ಎಲ್ಲಾ ಬಿಸಿಗೂ ಅವರ ಹತ್ರ ಒಂದೇ ಮದ್ದು, "ಥರ್ಮೋಸ್ಟಾಟ್ ಕಿತ್ತಾಕ್ಬಿಡು, ನಮ್ಮೂರ ಬಿಸ್ಲಿಗೆ ಅದ್ಯಾಕೆ ಬೇಕು, ಅದು ಹಿಮ ಬೀಳೋ ದೇಶಕ್ಕೆ". ಈ ಮಾತು ಕರ್ನಾಟಕದ ಪ್ರತಿ ಗ್ಯಾರೇಜಲ್ಲೂ ಕೇಳಿರ್ತೀರ. ಕಿತ್ತಾಕಿದ್ರೆ ಏನಾಗುತ್ತೆ ಅಂದ್ರೆ ಇಂಜಿನ್ನು ಯಾವಾಗ್ಲೂ ಅರೆ ಬಿಸೀಲೇ ಓಡುತ್ತೆ, ಇನ್ನೂ ತಣ್ಣಗಿದೆ ಅಂದ್ಕೊಂಡು ಇಸಿಯು, ಅಂದ್ರೆ ಇಂಜಿನ್ನಿನ ಕಂಪ್ಯೂಟರ್ರು, ಪೆಟ್ರೋಲ್ ಜಾಸ್ತಿ ಕೊಡುತ್ತೆ, ಮೈಲೇಜ್ ಬೀಳುತ್ತೆ, ಟ್ರಾಫಿಕ್ಕಲ್ಲಿ ಸ್ವಲ್ಪ ತಡವಾಗಿ ಕುದಿಯುತ್ತೆ ಅಷ್ಟೆ, ಕುದಿಯೋದೇನೂ ತಪ್ಪಲ್ಲ. ಕಿತ್ತಾಕೋ ಬದ್ಲು ಟೆಸ್ಟ್ ಮಾಡೋಣ ಅಂತ ಬಿಚ್ಕೊಂಡು ಮನೆಗೆ ತಂದೆ. ಪಾತ್ರೇಲಿ ನೀರಿಟ್ಟು, ಥರ್ಮೋಸ್ಟಾಟ್‌ನ ದಾರ ಕಟ್ಟಿ ತಳ ಮುಟ್ಟದ ಹಂಗೆ ಇಳಿಬಿಟ್ಟು, ಪಕ್ದಲ್ಲಿ ಥರ್ಮಾಮೀಟರ್ರು. ಅದರ ಮೇಲೆ 82 ಅಂತ ಕೆತ್ತಿರುತ್ತೆ, ಅಂದ್ರೆ 82 ಡಿಗ್ರಿಗೆ ಬಾಯಿ ಬಿಡೋಕೆ ಶುರು ಮಾಡ್ಬೇಕು. ನಂದು 83ಕ್ಕೆ ಬಿಡ್ತು, 95ಕ್ಕೆ ಪೂರ್ತಿ ತೆರೀತು. ಚಿನ್ನದಂಥ ಥರ್ಮೋಸ್ಟಾಟು. ಹೆಂಡ್ತಿ ಅಡುಗೆಮನೆಗೆ ಬಂದು ನೋಡಿ "ಇದು ಹಾಲು ಕಾಯ್ಸೋ ಪಾತ್ರೆ" ಅಂದ್ಳು. ಅಷ್ಟೇ ಅಂದಿದ್ದು. ಆ ಪಾತ್ರೆ ಅವತ್ತಿಂದ ಶೆಡ್ಡಿಗೆ ಸೇರ್ತು.

ಕುರುಡಾಗಿ ಪಾರ್ಟ್ ಬದಲಾಯಿಸೋದು ಸಾಕು, ಅಳತೆ ಬೇಕು ಅಂತ ₹600ಕ್ಕೆ ಒಂದು ಬ್ಲೂಟೂತ್ ಒಬಿಡಿ ಡಾಂಗಲ್ ತರ್ಸಿದೆ, ಸ್ಟೀರಿಂಗ್ ಕೆಳಗಿರೋ ಸಾಕೆಟ್ಟಿಗೆ ಚುಚ್ಚಿದ್ರೆ ಮೊಬೈಲಲ್ಲಿ ಕೂಲಂಟ್ ಟೆಂಪರೇಚರ್ ನಂಬರ್ ಸಮೇತ ಕಾಣುತ್ತೆ. ಮುಳ್ಳಿಲ್ಲದ ಕಾರಿಗೆ ಇದಕ್ಕಿಂತ ಒಳ್ಳೆ ಖರ್ಚು ಇಲ್ಲ. ಜೊತೆಗೆ ಫ್ಯಾಕ್ಟ್ರಿಯಿಂದ ಒಂದು ಟೆಂಪರೇಚರ್ ಗನ್ ಎರವಲು ತಂದೆ. ಒಂದು ವಾರ ಬರ್ಕೊಂಡಿದ್ದು ಇಷ್ಟು:

ಹೈವೇ, ಹಿರೇಹಳ್ಳಿಯಿಂದ ದಾಬಸ್‌ಪೇಟೆ ಕಡೆ, 80ರ ಸ್ಪೀಡು: 86ರಿಂದ 88. ಕಲ್ಲು ಇದ್ದಂಗೆ.
ಮನೆ ಮುಂದೆ ನಿಲ್ಸಿ ಐಡ್ಲಿಂಗು, ಎಸಿ ಆಫ್: 96ಕ್ಕೆ ಫ್ಯಾನ್ ಆನ್. ಆಮೇಲೂ ಏರ್ತಾ 99, 101, ಕಾಲು ಗಂಟೆಗೆ 103. ಫ್ಯಾನ್ ಆಫೇ ಆಗ್ಲಿಲ್ಲ.
ಸಂಜೆ ಬಿ.ಎಚ್. ರೋಡು, 15-20ರ ಸ್ಪೀಡಲ್ಲಿ ತೆವಳ್ತಾ: 107 ನೋಡಿ ಸೈಡಿಗೆ ಹಾಕ್ದೆ.

ಎರಡ್ನೇ ಸಾಲು ಇನ್ನೊಂದು ಸಲ ನೋಡಿ. ಸರಿ ಇರೋ ಕಾರಲ್ಲಿ 96ಕ್ಕೆ ಫ್ಯಾನ್ ಹತ್ಕೊಂಡ್ರೆ ಒಂದೆರಡು ನಿಮಿಷದಲ್ಲಿ 91ಕ್ಕೋ 90ಕ್ಕೋ ಇಳ್ದು ಫ್ಯಾನ್ ಆಫ್ ಆಗ್ಬೇಕು, ಮತ್ತೆ ಏರ್ಬೇಕು, ಮತ್ತೆ ಆನ್ ಆಗ್ಬೇಕು. ನಂದ್ರಲ್ಲಿ ಆನ್ ಆಗಿದ್ದು ಆನೇ. ಮೂರ್ನೇ ಸಾಲು ಇನ್ನೂ ವಿಚಿತ್ರ, ನಿಂತಿರೋದಕ್ಕಿಂತ ನಿಧಾನಕ್ಕೆ ಚಲಿಸ್ವಾಗ ಜಾಸ್ತಿ ಬಿಸಿ. ಇಂಜಿನ್ ಲೋಡ್ ಜಾಸ್ತಿ ಇರುತ್ತೆ ಅದಕ್ಕೇ ಇರ್ಬೇಕು ಅಂತ ನಂಗೆ ನಾನೇ ಸಮಾಧಾನ ಹೇಳ್ಕೊಂಡೆ.

ಗನ್ನಿನ ಲೆಕ್ಕ ಬೇರೆ. ಮೊದ್ಲು ಒಂದು ಎಚ್ಚರಿಕೆ, ಹೊಳೆಯೋ ಅಲ್ಯೂಮಿನಿಯಂ ಮೇಲೆ ಈ ಗನ್ನು ಸುಳ್ಳು ಹೇಳುತ್ತೆ, ಇರೋದಕ್ಕಿಂತ ಕಮ್ಮಿ ತೋರ್ಸುತ್ತೆ, ಕಪ್ಪು ಇನ್ಸುಲೇಷನ್ ಟೇಪ್ ತುಂಡು ಅಂಟ್ಸಿ ಅದರ ಮೇಲೆ ಹಿಡೀಬೇಕು, ರಬ್ಬರ್ ಪೈಪ್ ಮೇಲಾದ್ರೆ ಸೀದಾ ಹಿಡೀಬೋದು. ಮೇಲಿನ ಪೈಪ್ 98, ಕೆಳಗಿನ ಪೈಪ್ 93. ರೇಡಿಯೇಟರ್ ಒಳಗೆ ಬ್ಲಾಕ್ ಆಗಿದ್ರೆ ಕೆಳಗಿನ ಪೈಪು ತುಂಬಾ ತಣ್ಣಗಿರ್ಬೇಕಿತ್ತು, ಕೋರ್ ಮೇಲೆ ಅಲ್ಲಲ್ಲಿ ತಣ್ಣನೆ ಜಾಗ ಸಿಗ್ಬೇಕಿತ್ತು. ಇಲ್ಲಿ ನೀರು ಚೆನ್ನಾಗೇ ಸುತ್ತುತಿದೆ, ಬಿಸಿಯಾಗಿ ಒಳಗೆ ಬಂದು ಬಿಸಿಯಾಗೇ ಹೊರಗೆ ಹೋಗ್ತಿದೆ, ಶಾಖ ಗಾಳಿಗೆ ಹೋಗ್ತಾನೇ ಇಲ್ಲ. ಅಲ್ಲಿಗೆ ವಾಟರ್ ಪಂಪು, ಬ್ಲಾಕು ಎರಡೂ ಲಿಸ್ಟಿಂದ ಔಟು. ಹೆಡ್ ಗ್ಯಾಸ್ಕೆಟ್ ಬಗ್ಗೆ ಭಯ ಇತ್ತು, ಆದ್ರೆ ಬೆಳಗ್ಗೆ ತಣ್ಣಗಿರೋವಾಗ ಕ್ಯಾಪ್ ತೆಗ್ದು ಸ್ಟಾರ್ಟ್ ಮಾಡಿದ್ರೆ ಗುಳ್ಳೆ ಇಲ್ಲ, ಡಿಪ್‌ಸ್ಟಿಕ್ಕಲ್ಲಿ ಮಜ್ಜಿಗೆ ಥರದ ನೊರೆ ಇಲ್ಲ, ಸೈಲೆನ್ಸರಲ್ಲಿ ಬಿಳಿ ಹೊಗೆ ಇಲ್ಲ. ಬಚಾವು.

ಆವಾಗ್ಲೇ ಇನ್ನೊಂದು ನಂಬರ್ ಬರ್ಕೊಂಡಿದ್ದೆ, ಕಂಡೆನ್ಸರ್ (ರೇಡಿಯೇಟರ್ ಮುಂದೆ ಅದರ ಥರಾನೇ ಇರೋ ಎಸಿ ಭಾಗ) ಮುಂಭಾಗ, ಎಸಿ ಆಫ್, 68 ಡಿಗ್ರಿ. ಬರ್ಕೊಂಡು ಪಕ್ದಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿ ಬಿಟ್ಟೆ. ಎಸಿ ಆಫ್ ಇರೋವಾಗ ಕಾರಿನ ಮೂತೀಲಿರೋ ಕಂಡೆನ್ಸರ್ರು ಹೊರಗಿನ ಗಾಳಿಗಿಂತ ಸ್ವಲ್ಪ ಜಾಸ್ತಿ, 40ರ ಆಸುಪಾಸು ಇರ್ಬೇಕು. ಉತ್ತರ ನನ್ನ ಕೈಯಲ್ಲೇ ಬರ್ದಿತ್ತು, ನಾನು ಪುಟ ತಿರುಗ್ಸಿದೆ.

ಗಾಳಿ ಹೋಗ್ತಿಲ್ಲ ಅಂದ್ರೆ ಕಸ ಇರ್ಬೇಕು ಅಂತ ಮುಂದಿನ ಭಾನುವಾರ ಬಂಪರ್ ಬಿಚ್ಚಿದೆ. ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ಮಧ್ಯ ಒಂದು ಬೆರಳು ಸಂದಿ, ಅದರಲ್ಲಿ ಏನಿತ್ತು ಗೊತ್ತಾ, ಹುರುಳಿ ಹೊಟ್ಟು. ಸುಗ್ಗೀಲಿ ನಮ್ಮ ಹಳ್ಳಿ ರೋಡುಗಳ ಕಥೆ ಗೊತ್ತಲ್ಲ, ರಾಗಿ ಹುರುಳಿ ಎಲ್ಲಾ ರೋಡ್ ಮೇಲೇ ಹಾಸ್ತಾರೆ, ಕಾರು ಬಸ್ಸು ಓಡಾಡಿ ಪುಕ್ಸಟ್ಟೆ ಒಕ್ಕಣೆ. ಬೈಯೋಕೂ ಮನಸ್ಸು ಬರಲ್ಲ, ಕಣ ಮಾಡೋಕೆ ಜಾಗ ಇಲ್ಲ, ಕೂಲಿ ಸಿಗಲ್ಲ, ನಮ್ಮ ಮಾವನೂ ಅದನ್ನೇ ಮಾಡೋದು. ಆದ್ರೆ ಆ ಹೊಟ್ಟೆಲ್ಲಾ ಸೀದಾ ರೇಡಿಯೇಟರ್ ಮೂಗಿಗೆ. ಒಂದು ಮೊರದಷ್ಟು ತೆಗ್ದೆ ಅಂದ್ರೆ ಉತ್ಪ್ರೇಕ್ಷೆ, ಎರಡು ಬೊಗಸೆ ಅಂತೂ ಹೌದು. ಇಂಜಿನ್ ಕಡೆಯಿಂದ ಮುಂದಕ್ಕೆ ತೊಳೀಬೇಕು, ಹೋಗಿ ಸಿಕ್ಕಾಕ್ಕೊಂಡಿದ್ದು ಬಂದ ದಾರೀಲೇ ಹೊರಗೆ ಬರುತ್ತೆ. ವಾಟರ್ ಸರ್ವಿಸ್‌ನೋರ ಪ್ರೆಷರ್ ಗನ್ ಹತ್ರ ಹಿಡಿದ್ರೆ ಫಿನ್ನುಗಳೆಲ್ಲಾ ಮಡ್ಚೋಗ್ತವೆ, ಗಿಡಕ್ಕೆ ನೀರು ಬಿಡೋ ಪೈಪೇ ಸಾಕು, ಮಡಚಿದ ಫಿನ್ನುಗಳ್ನ ಹಳೇ ಟೂತ್‌ಬ್ರಷ್ಷಲ್ಲಿ ನೆಟ್ಟಗೆ ಮಾಡ್ದೆ.

ಮನೆ ಮುಂದೆ ಐಡ್ಲಿಂಗು: 103 ಬದ್ಲು 101. ಎರಡು ಡಿಗ್ರಿ! ಸಿಕ್ತು ಅಂತ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದು ಬಂದೆ, ವಾಪಸ್ ಬರ್ವಾಗ ಬಟವಾಡಿ ಹತ್ರ 105.

ಇನ್ನು ಉಳ್ದಿದ್ದು ಫ್ಯಾನಿನ ಕರೆಂಟು. ಇದನ್ನೂ ಮಾಡ್ದೆ, ಆದ್ರೆ ಮನಸ್ಸಿಟ್ಟು ಮಾಡ್ಲಿಲ್ಲ. ಬ್ಯಾಟ್ರೀಲಿ 13.9 ವೋಲ್ಟು, ಫ್ಯಾನಿನ ವೈರ್ ಜಾಯಿಂಟಲ್ಲಿ ಫ್ಯಾನ್ ಓಡ್ತಿರೋವಾಗ 13.2, ಅಂದ್ರೆ ವೈರು, ರಿಲೇ, ಅರ್ತು ಎಲ್ಲಾ ಸರಿ, ಇದು ಹತ್ತಕ್ಕೋ ಹನ್ನೊಂದಕ್ಕೋ ಬಿದ್ದಿದ್ರೆ ಎಲ್ಲೋ ತುಕ್ಕು ಹಿಡಿದಿದೆ ಅಂತ ಅರ್ಥ. ಫ್ಯಾನು ನಾನೇ ಹಾಕಿದ್ದು, ಓಡ್ತಿದೆ, ವೋಲ್ಟೇಜ್ ಬರ್ತಿದೆ, ಮುಗೀತು. ಬೇರೆಯವರು ಹಾಕಿದ್ದಾಗಿದ್ರೆ ಮೊದಲ್ನೇ ದಿನಾನೇ ಬಿಚ್ಚಿ ನೋಡ್ತಿದ್ದೆ.

ಮಾರನೇ ವಾರ ಗುಬ್ಬಿ ಕಡೆ ಸೋದರಮಾವನ ತೋಟಕ್ಕೆ ಹೋಗಿದ್ದೆ, ತೆಂಗಿನಕಾಯಿ ತರೋಕೆ. ಊಟ ಆದ್ಮೇಲೆ ಹಲಸಿನ ಮರದ ಕೆಳಗೆ, ಮತ್ತೆ ಹಲಸಿನ ಮರಾನೇ, ಕೂತ್ಕೊಂಡು ಕಾರಿನ ಗೋಳು ಹೇಳ್ದೆ. ಮಾವ ಕಾರ್ ಓಡ್ಸಿದೋರಲ್ಲ, ಟಿವಿಎಸ್ ಬಿಟ್ರೆ ಬೇರೆ ಗೊತ್ತಿಲ್ಲ. ಎಲ್ಲಾ ಕೇಳಿ ಎಲೆ ಅಡಿಕೆ ಉಗುಳಿ ಬಂದು ಕೇಳಿದ್ರು,

"ಫ್ಯಾನು ತಿರುಗ್ತಾ ಐತೆ ಅಂತೀಯ. ಸರಿಯಾದ್ ಕಡೀಕ್ ತಿರುಗ್ತಾ ಐತಾ?"

"ತಿರುಗ್ತಿದೆ ಮಾವ, ಸೌಂಡ್ ಬರುತ್ತೆ, ಗಾಳೀನೂ ಬರುತ್ತೆ."

"ಗಾಳಿ ಬತ್ತದೆ ಕಣಪ್ಪ, ಯಾವ್ ಕಡೆಯಿಂದ ಬತ್ತದೆ? ಹೋದ್ ವರ್ಸ ನಮ್ ಟೀಸಿ, ಟ್ರಾನ್ಸ್‌ಫಾರ್ಮರು, ಸುಟ್ಟೋಗಿ ಹೊಸಾದ್ ತಂದಾಕುದ್ರಲ್ಲ, ಅವತ್ತಿಂದ ಬೋರಲ್ಲಿ ನೀರು ಅರ್ಧಕ್ ಅರ್ಧ. ಬೋರ್ ಬತ್ತೋಯ್ತು ಅಂತ ಪಾಯಿಂಟ್ ಮಾಡ್ಸೋರ್ನೂ ಕರ್ಸಿದ್ದೆ. ಆಮೇಲ್ ನೋಡುದ್ರೆ ಫೇಸ್ ಉಲ್ಟಾ ಕೊಟ್ಟವ್ರೆ, ಮೋಟ್ರು ಉಲ್ಟಾ ತಿರುಗ್ತಾ ಇತ್ತು. ಉಲ್ಟಾ ತಿರುಗುದ್ರೂ ನೀರ್ ಬತ್ತದೆ ಕಣೋ ಅಳಿಯ, ಕಮ್ಮಿ ಬತ್ತದೆ ಅಷ್ಟೆ. ಅದ್ಕೇ ಯಾರ್ಗೂ ಗೊತ್ತಾಗಲ್ಲ. ಎರಡು ವೈರ್ ಅದ್ಲುಬದ್ಲು ಮಾಡ್ದೆ, ತೊಟ್ಟಿ ತುಂಬೋಯ್ತು."

ತ್ರೀ ಫೇಸ್ ಮೋಟ್ರಿಗೆ ಯಾವ್ದಾದ್ರೂ ಎರಡು ಫೇಸ್ ಬದಲಾಯಿಸಿದ್ರೆ ದಿಕ್ಕು ಬದಲಾಗುತ್ತೆ, ಡಿಪ್ಲೊಮಾದಲ್ಲಿ ನಾನು ಓದಿರೋದೇ. ಕಾರಿನ ಫ್ಯಾನು ಡಿಸಿ ಮೋಟ್ರು, ಪ್ಲಸ್ ಮೈನಸ್ ಬದಲಾದ್ರೆ ಸಾಕು ಉಲ್ಟಾ. ನಂಗೆ ತಕ್ಷಣ ಆ 68 ಡಿಗ್ರಿ ನೆನಪಾಯ್ತು, ಡಿಸೆಂಬರಲ್ಲಿ ಗುಜರಿ ಮೋಟ್ರಿನ ಕಪ್ಲರ್ (ವೈರ್ ಸೇರ್ಸೋ ಪ್ಲಗ್ಗು) ಮ್ಯಾಚ್ ಆಗ್ದೆ ಕತ್ತರ್ಸಿ ವೈರಿಗೆ ವೈರು ತಿರುಚಿ ಟೇಪ್ ಸುತ್ತಿದ್ದು ನೆನಪಾಯ್ತು, ಆ ಮೋಟ್ರಿನ ಎರಡೂ ವೈರು ಎಣ್ಣೆ ಹಿಡ್ದು ಕಪ್ಪಗಿದ್ವು, ಯಾವ್ದು ಪ್ಲಸ್ಸು ಅಂತ ನೋಡ್ದೆ ಕೈಗೆ ಸಿಕ್ಕಿದ್ದು ಸೇರ್ಸಿದ್ದೆ, ಫ್ಯಾನ್ ಗಿರ್ರಂತ ತಿರುಗ್ತು, ಖುಷಿಯಾಗಿ ಬಾನೆಟ್ ಮುಚ್ಚಿದ್ದೆ. ಚಳಿಗಾಲ, ಬೆಳಗ್ಗೆ ಆರು ಗಂಟೆ ಶಿಫ್ಟು, ಹೈವೇ, ಎರಡೂವರೆ ತಿಂಗಳು ಗೊತ್ತೇ ಆಗ್ಲಿಲ್ಲ.

ತೋಟದಲ್ಲೇ ನೋಡಿದ್ವಿ. ಇಂಜಿನ್ ಓಡಿಸಿ 96 ಆಗೋವರ್ಗೂ ಕಾದು, ಫ್ಯಾನ್ ಹತ್ಕೊಂಡ್ಮೇಲೆ ಮಾವನ ಮನೆಯ ಹಳೇ ಪೇಪರ್ ಒಂದು ಹಾಳೆ ತಗೊಂಡು ಜಾಲರಿ ಮುಂದೆ ಹಿಡ್ದೆ. ಸರಿ ಇದ್ರೆ ಆ ಹಾಳೆ ಜಾಲರಿಗೆ ಅಂಟ್ಕೊಂಡು ನಿಲ್ಬೇಕು, ಫ್ಯಾನ್ ಇರೋದು ರೇಡಿಯೇಟರ್ ಹಿಂದೆ, ಅದು ಮುಂದಿನ ಗಾಳೀನ ಹಿಂದಕ್ಕೆ ಎಳೀಬೇಕು. ನನ್ನ ಹಾಳೆ ಪಟಪಟ ಅಂತ ನನ್ನ ಕಡೆಗೇ ಹಾರ್ತು. ಬಿಸಿ ಗಾಳಿ ಮೊಣಕಾಲಿಗೆ ಹೊಡೀತು. ಮಾವ ಏನೂ ಅನ್ನಲಿಲ್ಲ, ಇನ್ನೊಂದು ಎಲೆಗೆ ಸುಣ್ಣ ಹಚ್ಕೊಂಡ್ರು.

ಈಗ ಎಲ್ಲಾ ಲೆಕ್ಕ ಕೂಡ್ತು. ನಿಂತಾಗ ಫ್ಯಾನು ಇಂಜಿನ್ ಕಡೆ ಬಿಸಿ ಗಾಳೀನೇ ಎತ್ಕೊಂಡು ರೇಡಿಯೇಟರ್ ಮೂಲಕ ಮುಂದಕ್ಕೆ ತಳ್ತಿತ್ತು, ರೆಕ್ಕೆಗಳ ಬಾಗು ಬೇರೆ ಕಡೆಗೆ ಇರೋದ್ರಿಂದ ಅದೂ ಅರ್ಧಂಬರ್ಧ. ಕಂಡೆನ್ಸರ್ 68 ಆಗಿದ್ದು ಅದಕ್ಕೇ, ಟ್ರಾಫಿಕ್ಕಲ್ಲಿ ಎಸಿ ಬೆಚ್ಚಗಾಗಿದ್ದೂ ಅದಕ್ಕೇ. 15-20ರಲ್ಲಿ ತೆವಳ್ವಾಗ ಮುಂದಿಂದ ಬರೋ ಗಾಳೀನೂ ಹಿಂದಿಂದ ತಳ್ಳೋ ಗಾಳೀನೂ ಎದುರುಬದ್ರು ಗುದ್ದಾಡಿ ರೇಡಿಯೇಟರ್ ಹತ್ರ ಗಾಳಿ ನಿಂತೇ ಹೋಗ್ತಿತ್ತು, ನಿಂತಿರೋದಕ್ಕಿಂತ ತೆವಳೋದು ಜಾಸ್ತಿ ಬಿಸಿ ಆಗಿದ್ದು ಇಂಜಿನ್ ಲೋಡಿಂದ ಅಲ್ಲ. ಎಂಬತ್ತರಲ್ಲಿ 96ಕ್ಕೆ ಏರ್ತಾನೇ ಇರ್ಲಿಲ್ಲ, ಫ್ಯಾನ್ ಆನೇ ಆಗ್ತಿರ್ಲಿಲ್ಲ, ಹಂಗಾಗಿ ಹೈವೇಲಿ ಸುಖ.

ರಿಪೇರಿ ಹತ್ತು ನಿಮಿಷದ್ದು, ಆದ್ರೆ ಈ ಸಲ ಸರಿಯಾಗಿ ಮಾಡೋಣ ಅಂತ ಮನೆಗೆ ಬಂದು ಮಾಡ್ದೆ, ಬರ್ವಾಗ ಗುಬ್ಬಿ ಗೇಟ್ ಹತ್ರ ಹೀಟರ್ ಹಾಕ್ಕೊಂಡೇ ಬಂದೆ. ಬ್ಯಾಟ್ರಿ ಮೈನಸ್ ಬಿಚ್ಚಿ, ತಿರುಚಿದ್ದ ಜಾಯಿಂಟ್ ಕತ್ತರ್ಸಿ ಬಿಸಾಕಿ, ಎರಡು ವೈರ್ ಅದ್ಲುಬದ್ಲು ಮಾಡಿ, ಸೋಲ್ಡರ್ ಹಾಕಿ, ಹೀಟ್ ಶ್ರಿಂಕ್ ಟ್ಯೂಬ್ ಏರ್ಸಿ, ಪ್ಲಸ್ ವೈರಿಗೆ ಕೆಂಪು ಟೇಪ್ ಸುತ್ತಿದೆ. ಈ ಫ್ಯಾನು ಹತ್ತು ಆಂಪಿಯರ್ ಹತ್ರ ಎಳೆಯುತ್ತೆ, ಅಂಥಾ ಕಡೆ ಬರೀ ತಿರುಚಿ ಟೇಪ್ ಸುತ್ತಿದ್ದೇ ತಪ್ಪು, ಜಾಯಿಂಟಿನ ಒಂದು ಕಡೆ ಪ್ಲಾಸ್ಟಿಕ್ ಆಗ್ಲೇ ಕಂದು ತಿರುಗಿತ್ತು. ಇನ್ನೊಂದು ವಿಷ್ಯ ಆವಾಗ ಕಣ್ಣಿಗೆ ಬಿತ್ತು, ರೆಕ್ಕೆ ಹಿಡ್ದಿರೋ ನಡುವಿನ ನಟ್ಟು ಉಲ್ಟಾ ಥ್ರೆಡ್ಡು, ಫ್ಯಾನ್ ಸರಿಯಾದ ಕಡೆಗೆ ತಿರುಗಿದ್ರೆ ಬಿಗಿ ಆಗ್ತಾ ಹೋಗೋ ಹಂಗೆ ಮಾಡಿರ್ತಾರೆ. ಮೂರು ತಿಂಗಳ ಮೇಲೆ ಉಲ್ಟಾ ತಿರುಗಿ ಅದು ಬೆರಳಲ್ಲೇ ಅಲ್ಲಾಡ್ತಿತ್ತು. ಇನ್ನೊಂದು ತಿಂಗಳು ಬಿಟ್ಟಿದ್ರೆ ರೆಕ್ಕೆ ಕಳಚಿ ರೇಡಿಯೇಟರ್ರಿಗೇ ಹೊಡೀತಿತ್ತೇನೋ.

ಪೇಪರ್ ಟೆಸ್ಟು: ಹಾಳೆ ಫಟ್ ಅಂತ ಜಾಲರಿಗೆ ಅಂಟ್ಕೊಳ್ತು. ಐಡ್ಲಿಂಗು: 96ಕ್ಕೆ ಆನ್, ಒಂದು ನಿಮಿಷ ನಲವತ್ತು ಸೆಕೆಂಡಲ್ಲಿ 91, ಆಫ್. ಮೂರು ಸಲ ಕೂತು ನೋಡ್ದೆ, ಮೂರೂ ಸಲ ಅಷ್ಟೇ. ಮೇಲಿನ ಪೈಪ್ 95, ಕೆಳಗಿನದು 82. ಎಸಿ ಆಫ್ ಇಟ್ಟು ಕಂಡೆನ್ಸರ್ ಮೂತಿ 39. ಸೋಮವಾರ ಸಂಜೆ ಬೇಕಂತಲೇ ಆರೂವರೆಗೆ, ಎಸಿ ಹಾಕ್ಕೊಂಡು, ಬಿ.ಎಚ್. ರೋಡಲ್ಲಿ ಬಟವಾಡಿಯಿಂದ ಟೌನ್‌ಹಾಲ್, ಅಲ್ಲಿಂದ ಶಿರಾ ಗೇಟು, ವಾಪಸ್ಸು. ಜಾಸ್ತಿ ಅಂದ್ರೆ 97. ಹೆಂಡ್ತಿ ದಾರೀಲಿ "ಎಸಿ ಜಾಸ್ತಿ ಆಯ್ತು, ಒಂದಕ್ಕಿಡಿ" ಅಂದ್ಳು, ಮೂರು ವಾರದಲ್ಲಿ ಕಾರಿನ ಬಗ್ಗೆ ಬಂದ ಮೊದ್ಲನೇ ಒಳ್ಳೆ ಮಾತು.

ಖರ್ಚು ಲೆಕ್ಕ ಹಾಕಿದ್ರೆ ಕ್ಯಾಪ್, ಕೂಲಂಟ್, ಡಿಸ್ಟಿಲ್ಡ್ ವಾಟರ್, ನಿಂಬೆ ಉಪ್ಪು, ಡಾಂಗಲ್ ಎಲ್ಲಾ ಸೇರಿ ₹1,900 ಹತ್ರ, ಅಸಲಿ ರಿಪೇರಿಗೆ ಹೋಗಿದ್ದು ಒಂದು ಗೇಣು ಹೀಟ್ ಶ್ರಿಂಕು. ಕ್ಯಾಪೂ ಕೂಲಂಟೂ ಹೆಂಗೂ ಬದಲಾಯಿಸ್ಲೇಬೇಕಿತ್ತು, ಅದಕ್ಕೆ ಬೇಜಾರಿಲ್ಲ. ಮೇಲಿನ ಪೈಪು ಕ್ಲಾಂಪ್ ಹತ್ರ ಸ್ವಲ್ಪ ಊದ್ಕೊಂಡಿದೆ, ಯುಗಾದಿ ಆದ್ಮೇಲೆ ಎರಡೂ ಪೈಪು ಬದಲಾಯಿಸ್ಬೇಕು. ಅಷ್ಟ್ರೊಳಗೆ ಮಾವನ ಸ್ಟಾರ್ಟರ್ ಬಾಕ್ಸು ಟಕಟಕ ಅಂತ ಬಡ್ಕೊಳ್ತಿದೆಯಂತೆ, ಈ ಭಾನುವಾರ ಮೀಟ್ರು ತಗೊಂಡ್ ಬಾ ಅಂದಿದಾರೆ.